ಇಂದಿನ ಚಿಂತನೆ: ಗಡ್ಡಪ್ಪನದು ಉಪೇಕ್ಷೆಯೇ?



ನಿನ್ನೆ ರಾತ್ರಿ ನೀಲಗುಂದದ ಮನೆಯಲ್ಲಿ ರಾಮ್ ರೆಡ್ಡಿಯವರ 2015ರ ‘ತಿಥಿ’ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಮಂಡ್ಯ ಸೀಮೆಯ ಹಳ್ಳಿಯವರೇ ನಟಿಸಿದ, ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಚಿತ್ರ. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಅಳಲು ಪುರುಸೊತ್ತಿಲ್ಲ. ಜಮೀನು ಮಾರಬೇಕು, ಅದಕ್ಕಾಗಿ ಬದುಕಿರುವ ಅಪ್ಪ ಗಡ್ಡಪ್ಪನ ಹೆಸರಿನಲ್ಲೇ ಸುಳ್ಳು ಮರಣಪತ್ರ ಮಾಡಿಸುತ್ತಾನೆ.

ಮೊದಲ ಸಲ ನೋಡಿದಾಗ ತಮ್ಮಣ್ಣನನ್ನು ಕಂಡು ನಕ್ಕಿದ್ದೆ. ಈ ಸಲ ನಗು ಬರಲಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡ ಒಂಬತ್ತನೇ ದಿನ ನಾನು ಹರಪನಹಳ್ಳಿಯಲ್ಲಿ ಪೌತಿ ಖಾತೆಗೆ ಅರ್ಜಿ ಬರೆಸುತ್ತಿದ್ದೆ. ಮನೆಯಲ್ಲಿ ಅವ್ವ ಒಬ್ಬಳೇ ಕೂತಿದ್ದಳು. ‘ಮಗ ಜವಾಬ್ದಾರಿ ಇರೋನು’ ಅಂದರು ಊರವರು. ಆ ಮಾತು ನನಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಹಾಗಾದರೆ ಗಡ್ಡಪ್ಪನೇ ಸರಿಯೇ? ಆಸ್ತಿ ಬೇಡ, ಅಪ್ಪ ಸತ್ತರೂ ತನ್ನ ಪಾಡಿಗೆ ನಡೆಯುತ್ತಾನೆ. ನಮ್ಮಲ್ಲಿ ಕೆಲವರು ಇದನ್ನೇ ಉಪೇಕ್ಷೆ ಅನ್ನುತ್ತಾರೆ. ನಾನು ಒಪ್ಪಲಾರೆ. ಉಪೇಕ್ಷೆಗೆ ಹತ್ತಿರದ ಶತ್ರು ಒಂದಿದೆ ಎಂದು ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ಎಚ್ಚರಿಸುತ್ತಾರೆ: ಅಜ್ಞಾನದಿಂದ ಹುಟ್ಟಿದ ಉದಾಸೀನ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಕುರಿಗಾಹಿಗಳ ಜೊತೆ ಕೂತು ಗಡ್ಡಪ್ಪ ತನ್ನ ಹಳೆಯ ನೋವು ಹೇಳಿಕೊಳ್ಳುವಾಗ ತಿಳಿಯುತ್ತದೆ, ಅವನ ದುಃಖ ಇನ್ನೂ ಹಸಿಯಾಗಿಯೇ ಇದೆ ಎಂದು.

ಅವನು ನಡೆದ, ನಾನು ಅರ್ಜಿ ಬರೆಸಿದೆ.

ಇವತ್ತು ಬೆಳಿಗ್ಗೆ ಅವ್ವನ ಪಕ್ಕ ಕೂತು, ಅಪ್ಪನ ಕೊನೆಯ ರಾತ್ರಿ ಹೇಗಿತ್ತೆಂದು ಮೊದಲ ಸಲ ಕೇಳಿದೆ. ಚಹಾ ಆರಿಹೋಯಿತು. ಅವ್ವ ಇನ್ನೂ ಹೇಳುತ್ತಲೇ ಇದ್ದಳು.