ಲಾರಿ ಇಂಜಿನ್ನಿಗೆ ಸಮಪಾಲಿನ ಗಾಳಿ



ಸುಗ್ಗಿಯ ದಿನಗಳಲ್ಲಿ ತಾರಿಹಾಳದ ರಸ್ತೆಯ ಬದಿಗೆ ಅರ್ಧ ತಾಸು ನಿಂತು ನೋಡಿರಿ. ಅಮರಗೋಳದ ಮಾರುಕಟ್ಟೆಗೆ ಉಳ್ಳಾಗಡ್ಡಿ, ಹತ್ತಿ ಹೇರಿಕೊಂಡು ಹೊರಟ ಲಾರಿಗಳಲ್ಲಿ ಕೆಲವು, ಏರು ಬಂದೊಡನೆ ಕಾಡಿಗೆಯಂತಹ ಹೊಗೆ ಬಿಡುತ್ತವೆ. "ಗಾಡಿ ಭಾಳ ಜಗ್ಗತೈತಿ, ಅದಕ್ಕ ಹೊಗಿ" ಎಂದು ನಮ್ಮಲ್ಲಿ ಹೇಳುವುದುಂಟು. ಇದು ತಪ್ಪು ತಿಳುವಳಿಕೆ. ಕಪ್ಪು ಹೊಗೆ ಎಂದರೆ ಅರೆಬರೆ ಉರಿದ ಡೀಸೆಲ್ಲಿನ ಮಸಿ. ಲಾರಿ ನನ್ನದಲ್ಲ, ನನಗೇಕೆ ಚಿಂತೆ ಎನ್ನಬೇಡಿರಿ. ಸುಟ್ಟುಹೋದ ಡೀಸೆಲ್ಲಿನ ಬೆಲೆ ಕೊನೆಗೆ ನಿಮ್ಮ ಚೀಲದ ಬಾಡಿಗೆಯ ಮೇಲೆಯೇ ಬೀಳುತ್ತದೆ. ಮನೆಯ ಟ್ರ್ಯಾಕ್ಟರಿಗೂ ಇದೇ ಮಾತು ಸಲ್ಲುತ್ತದೆ.

ಹಸಿ ಕಟ್ಟಿಗೆಯ ಒಲೆಗೆ ಊದುಗೊಳವೆ ಹೇಗೋ ಡೀಸೆಲ್ಲಿಗೆ ಗಾಳಿ ಹಾಗೆ. ಒಂದು ಲೀಟರ್ ಡೀಸೆಲ್ಲು ಪೂರ್ತಿ ಉರಿಯಬೇಕಾದರೆ ಕಡಿಮೆಯೆಂದರೂ 10,000 ಲೀಟರ್ ಗಾಳಿ ಬೇಕು. ಐದು ಸಾವಿರ ಲೀಟರಿನ ನೀರಿನ ಟ್ಯಾಂಕರು ಎರಡು ತುಂಬುವಷ್ಟು! ಹೊಗೆಯಿಲ್ಲದೆ ಉರಿಯಲು ಇನ್ನೂ ಹೆಚ್ಚು ಬೇಕು. ನಮ್ಮ ಹುಬ್ಬಳ್ಳಿ ಸೀಮೆ ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದಲ್ಲಿದೆ. ಆದುದರಿಂದ ಅಂಕೋಲೆಯ ಗಾಳಿಗಿಂತ ನಮ್ಮ ಗಾಳಿ ನೂರಕ್ಕೆ ಆರೇಳು ಪಾಲು ತೆಳುವು. ಬೇಸಗೆಯ ಬಿಸಿಲಿಗೆ ಮತ್ತಷ್ಟು ತೆಳುವಾಗುತ್ತದೆ. ಹೀಗಾಗಿ ಬರುವ ಗಾಳಿಯನ್ನು ತಡೆಯಿಲ್ಲದೆ ಬಿಡುವುದು ಇಲ್ಲಿ ಇನ್ನಷ್ಟು ಅಗತ್ಯ.

ಒಟ್ಟು ಗಾಳಿ ಸಾಕಷ್ಟಿದ್ದರೆ ಮುಗಿಯಲಿಲ್ಲ. ಎಲ್ಲ ಸಿಲಿಂಡರುಗಳಿಗೂ ಅದು ಸಮನಾಗಿ ಸಿಗಬೇಕು. ಲಾರಿಯ ಇಂಜಿನ್ನಿನಲ್ಲಿ ನಾಲ್ಕು ಇಲ್ಲವೆ ಆರು ಸಿಲಿಂಡರುಗಳಿರುತ್ತವೆ. ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಒಂದೊಂದೂ 1,000 ಸಲ ಉಸಿರೆಳೆಯುತ್ತದೆ. ಗಾಳಿಯನ್ನು ಇವುಗಳಿಗೆ ಹಂಚುವ ಕೊಳವೆಯನ್ನು ಮಿಸ್ತ್ರಿಗಳು ಮ್ಯಾನಿಫೋಲ್ಡ್ ಎನ್ನುತ್ತಾರೆ. ಇದನ್ನು ಕಾಲುವೆ ಎಂದೂ, ಸಿಲಿಂಡರುಗಳನ್ನು ಮಡಿಗಳೆಂದೂ ತಿಳಿಯಿರಿ. ಕಾಲುವೆಯಲ್ಲಿ ಹೂಳು ತುಂಬಿದರೆ, ಮಡಿಯ ಬಾಯಿ ಕಟ್ಟಿದರೆ ಯಾವುದೋ ಒಂದು ಮಡಿ ಒಣಗುತ್ತದೆ. ಮಲಪ್ರಭಾ ಕಾಲುವೆಯ ತುದಿಯಲ್ಲಿ ಹೊಲವುಳ್ಳ ನವಲಗುಂದದ ಕಡೆಯ ನೆಂಟರು ನಿಮಗಿದ್ದರೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಂಜಿನ್ನಿನಲ್ಲಿ ಒಂದು ವ್ಯತ್ಯಾಸವುಂಟು. ಡೀಸೆಲ್ ಪಂಪು ಪ್ರತಿಯೊಂದು ಸಿಲಿಂಡರಿಗೂ ಒಂದೇ ಅಳತೆಯ ಡೀಸೆಲ್ಲು ಕೊಡುತ್ತದೆ. ಮೂರನೆಯ ಸಿಲಿಂಡರಿಗೆ ಗಾಳಿ ಕಡಿಮೆಯಾಗಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆಗ ಉಳಿದವು ಚೆನ್ನಾಗಿ ಉರಿಯುತ್ತಿದ್ದರೂ ಆ ಒಂದು ಮಸಿ ಕಾರುತ್ತದೆ, ಅತಿಯಾಗಿ ಕಾಯುತ್ತದೆ, ವಾಲ್ವು ಪಿಸ್ಟನ್ನುಗಳಿಗೆ ಕೇಡು ತರುತ್ತದೆ.

ಈ ಅಸಮತೋಲನಕ್ಕೆ ಸಾಮಾನ್ಯ ಕಾರಣಗಳು ದೊಡ್ಡವಲ್ಲ. ಟ್ಯಾಪೆಟ್ಟು ಸಡಿಲಾದ ಸಿಲಿಂಡರಿನ ವಾಲ್ವು ತಡವಾಗಿ, ಕಡಿಮೆ ತೆರೆಯುತ್ತದೆ. ವಾಲ್ವಿನ ದಾರಿಯಲ್ಲಿ ಮಸಿ ಕಟ್ಟಿದರೂ ಅದೇ ಫಲ. ಟರ್ಬೊ ಇರುವ ಲಾರಿಯಲ್ಲಿ ರಬ್ಬರಿನ ಕೊಳವೆ ಸೀಳಿದರೆ, ಒತ್ತಿ ತುಂಬಿದ ಗಾಳಿ ಹೊರಗೆ ಸೋರಿ ಎಲ್ಲ ಸಿಲಿಂಡರುಗಳೂ ಸೊರಗುತ್ತವೆ. ಟರ್ಬೊ ಇಲ್ಲದ ಹಳೆಯ ಇಂಜಿನ್ನಿನಲ್ಲಿ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು ಹರಿದರೆ ನಡೆಯುವುದೇ ಬೇರೆ: ಗಾಳಿ ಕಡಿಮೆಯಾಗದು, ಆದರೆ ಸೋಸದ ಧೂಳು ಒಳಹೊಕ್ಕು ಹತ್ತಿರದ ಸಿಲಿಂಡರನ್ನು ಉಜ್ಜಿ ಸವೆಸುತ್ತದೆ. ಎಳೆತ ಹೆಚ್ಚಲೆಂದು ಫಿಲ್ಟರನ್ನೇ ಕಿತ್ತಿಟ್ಟು ಓಡಿಸುವವರನ್ನು ನಾನು ಕಂಡಿದ್ದೇನೆ. ನಮ್ಮ ಎರೆಭೂಮಿಯ ಧೂಳು ಹಿಟ್ಟಿನಂತೆ ಕಂಡರೂ ಅದರಲ್ಲಿ ಕಲ್ಲಿನಷ್ಟು ಗಟ್ಟಿಯಾದ ಕಣಗಳಿರುತ್ತವೆ. ಎಣ್ಣೆಯೊಡನೆ ಸೇರಿದರೆ ಅದು ಸಾಣೆಯ ಪುಡಿಯೇ ಸರಿ.

ಪರೀಕ್ಷೆ ಸುಲಭ. ಇಂಜಿನ್ನು ಬಂದ್ ಮಾಡಿ, ಫಿಲ್ಟರಿನಿಂದ ಮುಂದೆ ಇಂಜಿನ್ನಿಗೆ ಹೋಗುವ ಕೊಳವೆಯನ್ನು ಬಿಚ್ಚಿ, ಅದರ ಒಳಗನ್ನು ಹಳೆಯ ಬಿಳಿ ಧೋತರದ ಚೂರಿನಿಂದ ಒರೆಸಿರಿ. ಬಟ್ಟೆಗೆ ಮಣ್ಣು ಹತ್ತಿದರೆ ಎಲ್ಲೋ ಕಳ್ಳದಾರಿ ಇದೆ. ಕಾಗದದ ಫಿಲ್ಟರಿನೊಳಗೆ ಕತ್ತಲಲ್ಲಿ ಬ್ಯಾಟರಿ ಹಿಡಿದರೆ ತೂತು ಚುಕ್ಕೆಯಾಗಿ ಹೊಳೆಯುತ್ತದೆ. ಅಂತಹದನ್ನು ಬಿಸಾಡತಕ್ಕದ್ದು. ಕಾಗದದ ಫಿಲ್ಟರನ್ನು ನೆಲಕ್ಕೆ ಬಡಿಯಬಾರದು, ತೊಳೆಯಲೂ ಬಾರದು. ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಬೇಕು. ದಿನಾಲು ಬಿಚ್ಚಿ ಊದುವುದೂ ಒಳ್ಳೆಯದಲ್ಲ, ಬಿಚ್ಚಿದಾಗಲೆಲ್ಲ ಒಂದಿಷ್ಟು ಧೂಳು ಒಳಗೆ ಬೀಳುತ್ತದೆ. ಸೂಚಕ ಇದ್ದಲ್ಲಿ ಅದು ಕೆಂಪಾದಾಗ ಬಿಚ್ಚಿರಿ. ಎಣ್ಣೆಯ ಬಟ್ಟಲಿನ ಹಳೆಯ ಫಿಲ್ಟರಿಗೆ ಗುರುತಿನವರೆಗೆ ಮಾತ್ರ ಎಣ್ಣೆ ಹಾಕಬೇಕು. ತಳದಲ್ಲಿ ಕೆಸರು ಕಟ್ಟಿದ್ದರೆ ತೊಳೆದು ಹೊಸ ಎಣ್ಣೆ ತುಂಬಬೇಕು.

ಯಾವ ಸಿಲಿಂಡರು ಸೊರಗಿದೆ ಎಂದು ನೋಡಲು ಮಿಸ್ತ್ರಿಗಳು ಹಳೆಯ ಇಂಜಿನ್ನುಗಳಲ್ಲಿ ಒಂದೊಂದೇ ಡೀಸೆಲ್ ನಳಿಗೆಯ ನಟ್ಟು ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದಾಗ ಹೊಗೆ ನಿಲ್ಲುವುದೋ ದೋಷ ಅಲ್ಲಿ. ಅದು ಗಾಳಿಯದೇ ಆಗಬೇಕೆಂದಿಲ್ಲ, ನಾಜಲಿನದೂ ಇರಬಹುದು. ಕಾಮನ್ ರೇಲ್ ಇರುವ ಲಾರಿಗಳಲ್ಲಿ, 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ಮಾದರಿಗಳಲ್ಲಂತೂ, ಈ ಸಾಹಸ ಕೂಡದು. ಅಲ್ಲಿಯ ಡೀಸೆಲ್ಲಿನ ಒತ್ತಡ ಸಾಮಾನ್ಯ ಗಾಳಿಯ ಒತ್ತಡದ ಸಾವಿರ ಪಟ್ಟಿಗೂ ಮೇಲೆ ಏರುತ್ತದೆ, ಸಿಡಿದರೆ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಅಂತಹ ಗಾಡಿಯನ್ನು ಕಂಪ್ಯೂಟರಿನಿಂದ ನೋಡುವ ಮಿಸ್ತ್ರಿಗೇ ಒಪ್ಪಿಸಿರಿ.

ಇನ್ನು ಕಡಲೆ, ಜೋಳದ ರಾಶಿಯ ಕಾಲ. ಟ್ರ್ಯಾಕ್ಟರಿನಿಂದ ರಾಶಿ ಯಂತ್ರ ನಡೆಸುವಾಗ ಹೊಟ್ಟು ಹಾರುವ ದಿಕ್ಕಿಗೆ ಇಂಜಿನ್ನು ಬಾರದಂತೆ, ಗಾಳಿ ಬೀಸಿ ಬರುವ ಕಡೆಗೆ ಅದನ್ನು ನಿಲ್ಲಿಸಿರಿ. ಸಂಜೆ ಕೆಲಸ ಬಿಟ್ಟ ಮೇಲೆ ಗಾಳಿ ಸೇದುವ ಬಾಯಿಯ ಜಾಳಿಗೆಗೆ ಹತ್ತಿದ ಹೊಟ್ಟನ್ನು ಕೈಯಿಂದ ತೆಗೆದುಹಾಕಿರಿ.