ಹೆಸರು ಬರೆದಿಡು, ಮಗಾ

ಹೊಸ ಕ್ಯಾಮೆರಾ ಕೊಂಡೆಯಂತೆ, ಸಂತೋಷ. ಯಾವ ಲೆನ್ಸು, ಎಷ್ಟು ಶಟರ್ ವೇಗ ಅನ್ನೋದನ್ನೆಲ್ಲ ಯೂಟ್ಯೂಬ್ ನನಗಿಂತ ಚೆನ್ನಾಗಿ ಹೇಳಿಕೊಡುತ್ತೆ. ನಾನು ಹೇಳೋದು ಒಂದು ಬೇಸರದ ಕೆಲಸ: ತೆಗೆದ ಚಿತ್ರಕ್ಕೆ ಯಾರು, ಯಾವ ಊರು, ಯಾವತ್ತು ಅಂತ ಅವತ್ತೇ ರಾತ್ರಿ ಬರೆದಿಡು.

ಕಲಿಯೋಕೆ ದೂರ ಹೋಗಬೇಡ. ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ. ಮಂಟಪದ ದಕ್ಷಿಣದ ಗೋಡೆಯಲ್ಲಿ ರಾಮಾಯಣದ 70 ಫಲಕಗಳಿವೆ. ಸೂರ್ಯ ದಕ್ಷಿಣಕ್ಕೆ ವಾಲಿರುವ ಧನುರ್ಮಾಸದ ಬೆಳಿಗ್ಗೆ ಹೋದರೆ ಬಿಸಿಲು ಓರೆಯಾಗಿ ಬಿದ್ದು ಕೆತ್ತನೆ ಎದ್ದು ಕಾಣುತ್ತೆ. ಫ್ಲ್ಯಾಶ್ ಹೊಡೆದೆಯೋ, ಉಬ್ಬುತಗ್ಗೆಲ್ಲ ಚಪ್ಪಟೆ. ಅಲ್ಲೊಂದು ತಮಾಷೆಯೂ ಇದೆ. ಎಲ್ಲರಂತೆ ಪ್ರದಕ್ಷಿಣೆ ಹಾಕುತ್ತಾ ಕ್ಲಿಕ್ಕಿಸಿದರೆ ಮನೆಗೆ ಬಂದು ನೋಡುವಾಗ ಕಥೆ ಹಿಂದುಮುಂದು, ಯಾಕೆಂದರೆ ಅಲ್ಲಿನ ರಾಮಾಯಣ ಸಾಗೋದೇ ಅಪ್ರದಕ್ಷಿಣವಾಗಿ! ಉತ್ತರದ ಗೋಡೆಯ ಕೃಷ್ಣನ ಕಥೆ, ಮಹಾಭಾರತ ಮಾತ್ರ ರೂಢಿಯಂತೆ ಇವೆ. ನಂಬರ್ ಹಾಕದೆ ಎಪ್ಪತ್ತು ಚಿತ್ರ ತಂದವನ ಹತ್ತಿರ ಕಲ್ಲಿನ ಚಿತ್ರ ಇರುತ್ತೆ, ರಾಮಾಯಣ ಇರೋದಿಲ್ಲ. ಅದೇ ಗುಡಿಯ ಚಾವಣಿಯ ಭುವನೇಶ್ವರಿಗಳಲ್ಲಿ ಕೈಯಾಡಿಸಿದ ರೂವಾರಿ ಮಲ್ಲಿತಮ್ಮ ಇವತ್ತಿಗೂ ನಮಗೆ ಗೊತ್ತಿರೋದು, ಅವನು ತನ್ನ ಕೆಲಸದ ಮೇಲೆ ಹೆಸರು ಕೊರೆದಿಟ್ಟಿದ್ದಕ್ಕೆ.

ತಾರೀಕು ಫೋಟೋದಲ್ಲೇ ಇರುತ್ತಲ್ಲ ಅಂತೀಯ. ಇರುತ್ತೆ, ಮೂಲ ಫೈಲಿನಲ್ಲಿ. ವಾಟ್ಸ್‌ಆ್ಯಪಿನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಗುಣಮಟ್ಟವೂ ಇಳಿಯುತ್ತೆ, ತಾರೀಕು, ಜಾಗದ ವಿವರವೂ ಉದುರಿಹೋಗುತ್ತೆ. ಮೂಲವನ್ನು ಎರಡು ಕಡೆ ಉಳಿಸಿಕೋ.

ಒಂದು ವಿಷಯದಲ್ಲಿ ಮಾತ್ರ ಜಾಗದ ಬಗ್ಗೆ ಬಾಯಿ ಬಿಡಬೇಡ. ಬೇಸಿಗೆಯಲ್ಲಿ ಲಕ್ಕವಳ್ಳಿಯ ಭದ್ರಾ ಹಿನ್ನೀರು ಇಳಿದಾಗ ಏಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಬರಿನೆಲದ ಮೇಲೇ ಮೊಟ್ಟೆ ಇಡುತ್ತವೆ. ನೀನು ಹತ್ತಿರ ಹೋದರೆ ತಾಯಿಹಕ್ಕಿ ಹಾರುತ್ತೆ, ಮೊಟ್ಟೆ ಬಿಸಿಲಿಗೆ ಬೇಯುತ್ತೆ. ಗೂಡಿನ ಜಾಗ ನಿನ್ನ ಡೈರಿಯಲ್ಲಿರಲಿ, ಇನ್‌ಸ್ಟಾಗ್ರಾಮಿಗೆ ಬೇಡ. ಪ್ರಾಣಿಗಳನ್ನೂ ಕಾಡಬೇಡ. ಕಡೂರಿನ ಬಾಸೂರು ಕಾವಲು 2011ರಿಂದ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು. ಅಲ್ಲಿ ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗಿ ನೆಗೆತದ ಚಿತ್ರ ಹಿಡಿಯೋದನ್ನು ನಾನಂತೂ ಬೇಟೆ ಅಂತಲೇ ಕರೆಯೋದು.

ಅಜ್ಜಂಪುರದ ಕಡೆ ಈರುಳ್ಳಿ ಕೀಳೋರ ಚಿತ್ರ ತೆಗೆಯುವ ಮುಂಚೆ ಕೇಳು, ಹೆಸರೂ ಕೇಳು. ಕೆಳಗೆ 'ಕೂಲಿ ಹೆಂಗಸು' ಅಂತ ಬರೀಬೇಡ. ಮತ್ತೆ ಆ ಕಡೆ ಹೋದಾಗ ಒಂದು ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಡು.

ಈ ಸಲ ಹಬ್ಬಕ್ಕೆ ಊರಿಗೆ ಬಂದಾಗ ಟ್ರಂಕಿನಲ್ಲಿರೋ ಹಳೇ ಸ್ಟುಡಿಯೋ ಫೋಟೋಗಳನ್ನು ನಿಮ್ಮಜ್ಜಿ ಮುಂದೆ ಹರಡು. ಪೇಟ ಕಟ್ಟಿ ಕುರ್ಚಿ ಮೇಲೆ ಕೂತವರು ಯಾರು ಅಂತ ಹೇಳಬಲ್ಲವರು ಮನೆಯಲ್ಲಿ ಈಗ ಅವರೊಬ್ಬರೇ. ಹೇಳಿದ್ದನ್ನು ಫೋಟೋದ ಹಿಂಬದಿ, ಅಂಚಿನಲ್ಲಿ, ಮೆತ್ತನೆ ಪೆನ್ಸಿಲಿನಲ್ಲಿ ಬರಿ. ಬಾಲ್‌ಪೆನ್ನು ಬೇಡ, ಒತ್ತಿದ ಗೀರು ಈ ಕಡೆ ಮುಖದ ಮೇಲೆ ಮೂಡುತ್ತೆ.