ಎನ್‌ಎಂಡಿಸಿ ‘ಓಒಆಅ’ ಆದದ್ದು ಹೇಗೆ?

ಪ್ರಶ್ನೆ: ಹಂಪಿ, ಕಂಪ್ಲಿ, ಸಂಡೂರು ಸುತ್ತಿನ ಊರುಗಳ ಬಗ್ಗೆ ನಮ್ಮ ತಂದೆ ಬರೆದ ಪುಸ್ತಕವನ್ನು ಹಿಂದೆ ಹೊಸಪೇಟೆಯಲ್ಲಿ ನುಡಿ ತಂತ್ರಾಂಶದಲ್ಲಿ ಡಿಟಿಪಿ ಮಾಡಿಸಿದ್ದೆವು. ಅದರ ವರ್ಡ್ ಫೈಲ್ ನಮ್ಮಲ್ಲಿದೆ. ಯೂನಿಕೋಡ್‌ಗೆ ಬದಲಿಸಲು ಹೋದರೆ ಇಂಗ್ಲಿಷಿನಲ್ಲಿದ್ದ ಎನ್‌ಎಂಡಿಸಿ ‘ಓಒಆಅ’ ಆಗಿದೆ, ದಪ್ಪಕ್ಷರದ ತಲೆಬರಹಗಳೆಲ್ಲ ಸಾದಾ ಆಗಿವೆ. ಪೈಥಾನ್ ಸ್ವಲ್ಪ ಬರುತ್ತದೆ. ಇದಕ್ಕೆ ದಾರಿ ಏನು?
– ಓದುಗರೊಬ್ಬರು, ಕಂಪ್ಲಿ

ಉತ್ತರ: ಪರಿವರ್ತಕದ ತಪ್ಪೇನೂ ಇಲ್ಲ. ನೀವು ಅದಕ್ಕೆ ಬರೀ ಅಕ್ಷರ ಕೊಟ್ಟಿರಿ, ಆ ಅಕ್ಷರ ಯಾವ ಫಾಂಟ್‌ನಲ್ಲಿತ್ತು ಎಂಬುದನ್ನು ಕೊಡಲಿಲ್ಲ. ನುಡಿಯ ಹಳೆಯ ಕಡತದಲ್ಲಿ ಅಕ್ಷರದ ಅರ್ಥವೆಲ್ಲ ಫಾಂಟ್ ಹೆಸರಿನಲ್ಲೇ ಇರುತ್ತದೆ.

ಕನ್ನಡ ಗಣಕ ಪರಿಷತ್ತಿನ ನುಡಿ, ಅದಕ್ಕೂ ಮೊದಲು 1998ರಲ್ಲಿ ಬಂದ ಬರಹ, ಇವೆಲ್ಲ ಕಂಪ್ಯೂಟರುಗಳಿಗೆ ಕನ್ನಡದ ಗಂಧವೇ ಇಲ್ಲದಿದ್ದ ಕಾಲದಲ್ಲಿ ಹುಟ್ಟಿದವು. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, ಅದು 1991. ಆದರೆ ಅದು ನಮ್ಮ ಡಿಟಿಪಿ ಅಂಗಡಿಗಳ ತನಕ ಇಳಿದು ಬರಲು ಬಹಳ ವರ್ಷ ಹಿಡಿಯಿತು. ಅಲ್ಲಿಯವರೆಗೆ ಮಾಡಿದ ಉಪಾಯ ಸರಳ: ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಚಿತ್ರ ಕೂರಿಸುವುದು. ನುಡಿ ಫಾಂಟ್‌ನಲ್ಲಿ ದೊಡ್ಡ ‘ಎ’ ಅಂದರೆ ಅನುಸ್ವಾರದ ಸೊನ್ನೆ, ‘ಸಿ’ ಅಂದರೆ ಅ, ‘ಡಿ’ ಅಂದರೆ ಆ, ‘ಎಂ’ ಅಂದರೆ ಒ, ‘ಎನ್’ ಅಂದರೆ ಓ. ಸಂಡೂರಿನ ದೋಣಿಮಲೈ ಗಣಿಯ ಎನ್‌ಎಂಡಿಸಿಯನ್ನು ಈ ಕೋಷ್ಟಕದಲ್ಲಿ ಹಾಯಿಸಿ ನೋಡಿ, ‘ಓಒಆಅ’ ಸಿಗುತ್ತದೆ. ಹೊಸಪೇಟೆಯ ಡಿಸಿ ಕಚೇರಿ ‘ಆಅ ಕಚೇರಿ’ ಆಗುತ್ತದೆ. ಟೈಮ್ಸ್ ನ್ಯೂ ರೋಮನ್‌ನಲ್ಲಿದ್ದ ‘ಡಿ’ ಮತ್ತು ನುಡಿಯಲ್ಲಿದ್ದ ‘ಆ’ ಕಡತದೊಳಗೆ ಒಂದೇ ಸಂಖ್ಯೆ. ನೋಟ್‌ಪ್ಯಾಡಿಗೆ ಕಾಪಿ ಮಾಡಿದ ಕ್ಷಣ ಇವೆರಡರ ನಡುವಿನ ವ್ಯತ್ಯಾಸ ಶಾಶ್ವತವಾಗಿ ಅಳಿಸಿಹೋಗುತ್ತದೆ.

ಆದ್ದರಿಂದ ಪಠ್ಯವನ್ನು ಒಟ್ಟಿಗೆ ಎತ್ತಬೇಡಿ, ತುಂಡು ತುಂಡಾಗಿ ನಡೆಯಿರಿ. ವರ್ಡ್‌ನ ಡಾಕ್ಸ್ ಕಡತದಲ್ಲಿ ಪ್ರತಿ ಪ್ಯಾರಾ ‘ರನ್’ ಎಂಬ ತುಂಡುಗಳಾಗಿ ಒಡೆದಿರುತ್ತದೆ. ಫಾಂಟ್, ಗಾತ್ರ, ದಪ್ಪ, ಬಣ್ಣ ಎಲ್ಲ ಒಂದೇ ಆಗಿರುವ ತುಂಡು ಒಂದು ರನ್. ಪೈಥಾನ್-ಡಾಕ್ಸ್ ಲೈಬ್ರರಿ ಬಳಸಿ, ಮೊದಲು ಪ್ಯಾರಾಗಳ ಮೇಲೆ, ಅದರೊಳಗೆ ರನ್‌ಗಳ ಮೇಲೆ ಲೂಪ್ ಹಾಕಿ. ರನ್‌ನ ಫಾಂಟ್ ಹೆಸರು ‘ನುಡಿ’ ಎಂದು ಶುರುವಾದರೆ ಅದರ ಪಠ್ಯವನ್ನು ಪರಿವರ್ತಕಕ್ಕೆ ಕೊಟ್ಟು, ಬಂದದ್ದನ್ನು ಅದೇ ರನ್‌ಗೆ ಹಾಕಿ, ಫಾಂಟ್ ಹೆಸರು ಬದಲಿಸಿ. ಬೇರೆ ಫಾಂಟ್ ಆದರೆ ಮುಟ್ಟಬೇಡಿ. ಎನ್‌ಎಂಡಿಸಿ ಇದ್ದಂತೆಯೇ ಉಳಿಯುತ್ತದೆ, ದಪ್ಪ ಎಂಬ ಗುಣ ರನ್‌ಗೆ ಅಂಟಿಕೊಂಡಿರುವುದರಿಂದ ಅದೂ ಉಳಿಯುತ್ತದೆ.

‘ಇಷ್ಟನೇ ಅಕ್ಷರದಿಂದ ಇಷ್ಟನೇ ಅಕ್ಷರದವರೆಗೆ ದಪ್ಪ ಎಂದು ಬರೆದಿಟ್ಟುಕೊಂಡು ಆಮೇಲೆ ಹಚ್ಚಿದರಾಗದೇ’ ಎಂದು ಕೇಳಬಹುದು. ಆಗದು. ನಿಮ್ಮೂರಿನ ಹೆಸರನ್ನೇ ನೋಡಿ. ನುಡಿಯಲ್ಲಿ ಕಂಪ್ಲಿಗೆ 5 ಸಂಕೇತ: ಕ-ದ ಒಡಲು, ತಲೆಕಟ್ಟು, ಸೊನ್ನೆ, ಪಿ, ಲ-ಒತ್ತು. ಯೂನಿಕೋಡ್‌ನಲ್ಲಿ 6: ಕ, ಸೊನ್ನೆ, ಪ, ವಿರಾಮ, ಲ, ಗುಡಿಸು. ಹಂಪಿಗೆ ಎರಡರಲ್ಲೂ 4 ಇರುವುದು ಕಾಕತಾಳೀಯ. ಒಂದು ಪುಟ ದಾಟುವಷ್ಟರಲ್ಲಿ ಲೆಕ್ಕ ಎಲ್ಲೋ ಹೋಗಿರುತ್ತದೆ.

ಈ ಲೂಪನ್ನು ಅರ್ಧ ಗಂಟೆಯಲ್ಲಿ ಬರೆಯಬಹುದು. ಆಮೇಲಿನ ತಲೆನೋವು ಬೇರೆ. ವರ್ಡ್ ರನ್‌ಗಳನ್ನು ಕಾರಣವಿಲ್ಲದೆಯೂ ಒಡೆಯುತ್ತದೆ: ಯಾರೋ ನಡುವೆ ತಿದ್ದಿದರು, ಸ್ಪೆಲ್‌ಚೆಕ್ ನುಡಿಯ ಅಕ್ಷರಗಳನ್ನು ಕೆಟ್ಟ ಇಂಗ್ಲಿಷ್ ಎಂದುಕೊಂಡು ಗುರುತು ಹಾಕಿತು, ಅಷ್ಟು ಸಾಕು. ‘ಕರ್ನಾಟಕ’ ಎಂಬಲ್ಲಿ ನುಡಿ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ‘ನಾ’ ಆದಮೇಲೆ ಇಡುತ್ತದೆ. ಯೂನಿಕೋಡ್‌ನಲ್ಲಿ ರ್ ಎಂಬುದು ನ-ಕ್ಕಿಂತ ಮೊದಲು ಬರಬೇಕು. ರನ್ ಸರಿಯಾಗಿ ಆ ಎರಡರ ಮಧ್ಯೆ ತುಂಡಾಗಿದ್ದರೆ, ಮೊದಲ ರನ್‌ಗೆ ‘ಕನಾ’ ಸಿಗುತ್ತದೆ, ಎರಡನೆಯದು ಅರ್ಕಾವೊತ್ತನ್ನು ಹಿಡಿದುಕೊಂಡು ಯಾವ ಅಕ್ಷರಕ್ಕಿಂತ ಮೊದಲು ಇಡುವುದೆಂದು ತಿಳಿಯದೆ ನಿಲ್ಲುತ್ತದೆ. ಹಾಗಾಗಿ ಪರಿವರ್ತನೆಗೆ ಮೊದಲೇ ಅಕ್ಕಪಕ್ಕದ ರನ್‌ಗಳ ಗುಣಗಳನ್ನು ಹೋಲಿಸಿ, ಒಂದೇ ಇದ್ದರೆ ಜೋಡಿಸಿ. ಇದನ್ನು ಬಿಟ್ಟರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಇದೇ ಮುಖ್ಯ.

ಫಾಂಟ್ ಹೆಸರು ಕೇಳಿದಾಗ ಒಮ್ಮೊಮ್ಮೆ ‘ನನ್’ ಎಂದು ಉತ್ತರ ಬರುತ್ತದೆ. ಫಾಂಟ್ ಇಲ್ಲ ಎಂದಲ್ಲ, ಅದು ಸ್ಟೈಲ್‌ನಿಂದ ಬಂದಿದೆ ಎಂದರ್ಥ. ರನ್‌ನ ಸ್ಟೈಲ್, ನಂತರ ಪ್ಯಾರಾದ ಸ್ಟೈಲ್, ಕೊನೆಗೆ ಕಡತದ ಮೂಲ ಫಾಂಟ್, ಹೀಗೆ ಮೇಲೆ ಹುಡುಕುತ್ತ ಹೋಗಬೇಕು. ಪುಸ್ತಕದಲ್ಲಿ ಕೋಷ್ಟಕಗಳಿದ್ದರೆ ಅವು ಪ್ಯಾರಾಗಳ ಪಟ್ಟಿಯಲ್ಲಿ ಬರುವುದಿಲ್ಲ, ಅವುಗಳ ಒಂದೊಂದು ಮನೆಯನ್ನೂ ಬೇರೆಯಾಗಿ ಸುತ್ತಬೇಕು. ಅಡಿಟಿಪ್ಪಣಿಗಳಿದ್ದರೆ ಅವೂ ಡಾಕ್ಸ್‌ನೊಳಗೆ ಬೇರೆಯದೇ ಕಡತದಲ್ಲಿರುತ್ತವೆ. ಇಷ್ಟಾದ ಮೇಲೂ ದಪ್ಪ ಕಾಣಿಸದಿದ್ದರೆ ಗಾಬರಿಯಾಗಬೇಡಿ: ವರ್ಡ್ ನಮ್ಮ ಲಿಪಿಗಳನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದು ಬೇರೆ ಸಾಲಿನಲ್ಲಿ ಕೂರಿಸಿದೆ, ಅವಕ್ಕೆ ಫಾಂಟ್, ಗಾತ್ರ, ದಪ್ಪ ಎಲ್ಲ ಪ್ರತ್ಯೇಕ. ಹಳೆಯ ಗುಣವನ್ನು ಅಲ್ಲಿಗೂ ನಕಲು ಮಾಡಿ.

ಪೈಥಾನೇ ಆಗಬೇಕೆಂದಿಲ್ಲ. ಆಪಲ್‌ನ ಸ್ವಿಫ್ಟ್ ಭಾಷೆಯಲ್ಲಿ 2021ರಿಂದ ಗುಣಸಹಿತ ಪಠ್ಯಕ್ಕೆ ಇದೇ ‘ರನ್ಸ್’ ಇದೆ; ಗೂಗಲ್ ಡಾಕ್ಸ್‌ನ ಸ್ಕ್ರಿಪ್ಟ್‌ನಲ್ಲಿ ಗುಣ ಬದಲಾಗುವ ಜಾಗಗಳನ್ನಷ್ಟೇ ಕೇಳಿ ಪಡೆಯಬಹುದು. ನಿಮ್ಮದು ವರ್ಡ್ ಫೈಲ್ ಆದ್ದರಿಂದ ಪೈಥಾನ್ ಸಾಕು.

ಮೊದಲು ನಾಲ್ಕು ಪುಟದ ಮೇಲೆ ಓಡಿಸಿ, ಮುದ್ರಿತ ಪುಸ್ತಕವನ್ನು ಪಕ್ಕದಲ್ಲಿಟ್ಟು ಒತ್ತಕ್ಷರಗಳನ್ನೂ ಇಂಗ್ಲಿಷ್ ಪದಗಳನ್ನೂ ತಾಳೆ ನೋಡಿ. ಎಲ್ಲ ಸರಿಹೋದ ಮೇಲೂ ನುಡಿಯ ಮೂಲ ಕಡತವನ್ನು ಅಳಿಸಬೇಡಿ.